ಮಹಾಂತಯ್ಯನ ಹುಟ್ಟುಹಬ್ಬ ಕಸಿದ ಹೀರಾಬಿ

ನಮ್ಮ ಸೀಮೆಯಲ್ಲಿ ಹುಟ್ಟಿದ ತಾರೀಖು ಅಂತ ಯಾರಿಗೂ ಇರಲಿಲ್ಲ. ‘ಜೋಳ ಕೊಯ್ಯೋ ಹೊತ್ತಿಗೆ’, ‘ಅಲಾಯಿ ಹಬ್ಬದ ಮರುದಿನ’, ‘ಪೊಲೀಸ್ ಕಾರ್ಯಾಚರಣೆ ಆದ ವರ್ಷ’, ಇಷ್ಟೇ ಲೆಕ್ಕ. ಸಾಲಿಗೆ ಹಾಕುವಾಗ ಮಾಸ್ತರರು ಎಲ್ಲರಿಗೂ ಜೂನ್ ಒಂದು ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಹಂಗಾಗಿ ರಾಯಚೂರು ಜಿಲ್ಲೆಯ ಅರ್ಧ ಜನ ಒಂದೇ ದಿನ ಹುಟ್ಟಿದವರು. ಸಾಹುಕಾರ ಮಹಾಂತಯ್ಯನೂ ಅವರಲ್ಲೊಬ್ಬ. ಹತ್ತಿ ಮಿಲ್ಲು ಕೈಗೆ ಬಂದು, ರಾಜಕಾರಣ ತಲೆಗೆ ಏರಿದ ಮೇಲೆ ಆ ಬಡವರ ತಾರೀಖು ಅವನಿಗೆ ಸಾಲಲಿಲ್ಲ. ೧೯೭೫ರಲ್ಲಿ ತಾನು ಹುಟ್ಟಿದ್ದು ಆಗಸ್ಟ್ ಹದಿನೈದಕ್ಕೆ ಎಂದು ಸಾರಿಬಿಟ್ಟ.

ಲೆಕ್ಕ ಸರಿಯಾಗಿಯೇ ಇತ್ತು. ಅವತ್ತು ಝಂಡಾ ಹೆಂಗೂ ಏರಿರುತ್ತದೆ, ಮಕ್ಕಳು ಹೆಂಗೂ ಬೀದಿಗೆ ಬಂದಿರುತ್ತಾರೆ, ಸಾಹೇಬರು ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿರುತ್ತಾರೆ. ಇವನು ನಡುವೆ ನುಗ್ಗಿ ಕೊರಳು ಒಡ್ಡಿದರಾಯಿತು, ಹಾರ ಬೀಳುತ್ತದೆ. ನಿಜಾಮನ ಕೈಯಲ್ಲಿದ್ದ ನಮಗೆ ಆ ದಿನ ಸ್ವಾತಂತ್ರ್ಯವೂ ಬಂದಿರಲಿಲ್ಲ, ಹದಿಮೂರು ತಿಂಗಳು ತಡವಾಗಿ ಬಂತು. ಅಂಥ ದಿನವನ್ನು ಇವನು ಸ್ವಂತದ್ದು ಮಾಡಿಕೊಂಡ.

ಮೊದಲ ಹುಟ್ಟುಹಬ್ಬದ ಮೆರವಣಿಗೆ ದೇವದುರ್ಗದ ಕಡೆ ಅವನ ಸ್ವಂತ ಊರಲ್ಲಿ. ಬ್ಯಾಂಡು ಮಾನ್ವಿಯಿಂದ ಹೋಗಿತ್ತು. ಕ್ಲಾರಿನೆಟ್ ಊದುವವನು ಅಮೀರ್ ಸಾಬ್, ಹೀರಾಬಿಯ ಗಂಡ. ಗಂಡ ಹೆಂಡತಿ ಭಾಳ ಪ್ರೀತಿಯಿಂದ ಇದ್ದರು ಎಂದೇನೂ ನಾನು ಬರೆಯುವುದಿಲ್ಲ. ಅವನು ಕುಡಿಯುತ್ತಿದ್ದ, ಅವಳು ಬೈಯುತ್ತಿದ್ದಳು. ಅವತ್ತು ಬೆಳಿಗ್ಗೆಯೂ ಬೈದೇ ಕಳಿಸಿದ್ದಳು.

ಊರ ಅಗಸಿಬಾಗಿಲ ಹತ್ತಿರ ಮಹಾಂತಯ್ಯ ಖುಷಿಗೆ ಬಿದ್ದು ಜೋಡುನಳಿಗೆ ಬಂದೂಕು ಎತ್ತಿದ. ಮೊದಲ ಗುಂಡು ಮುಗಿಲಿಗೆ ಹೋಯಿತು. ಎರಡನೆಯದಕ್ಕೆ ಕೈ ಜಾರಿತೋ, ಕುಡಿದದ್ದು ಜಾರಿಸಿತೋ, ಅಮೀರ್ ಸಾಬ್ ಕ್ಲಾರಿನೆಟ್ ಹಿಡಿದುಕೊಂಡೇ ನೆಲಕ್ಕೆ ಬಿದ್ದ. ಬ್ಯಾಂಡು ನಿಂತಿತು. ಆಗ ಮಹಾಂತಯ್ಯ ಹೇಳಿದ ಮಾತನ್ನು ಬ್ಯಾಂಡಿನ ಯಜಮಾನ ಸೈಫುದ್ದೀನ್ ಸಾಯುವತನಕ ಮರೆಯಲಿಲ್ಲ. “ಬಿದ್ದಾವನ್ನ ಗಾಡಿಗೆ ಹಾಕ್ರಿ. ಉಳದವರು ಬಾರಸ್ರಿ. ಹಬ್ಬ ನಿಲ್ಲಬಾರದು.”

ಅವರು ಬಾರಿಸಿದರು. ಎದುರಿಗೆ ಬಂದೂಕು ಇತ್ತು.

ಪಟಾಕಿ ಸಪ್ಪಳಕ್ಕೆ ಎದೆ ಒಡೆದು ಸತ್ತ ಎಂದು ಪೊಲೀಸರು ಬರೆದರು. ಮಣ್ಣು ಮಾಡುವ ಮುನ್ನ ಮಯ್ಯತ್ತಿಗೆ ನೀರು ಹಾಕುವಾಗ ಹೀರಾಬಿ ಎಡಪಕ್ಕೆಯ ತೂತುಗಳಿಗೆ ಬೆರಳಿಟ್ಟು ನೋಡಿದ್ದಳು. ಯಾರಿಗೆ ಹೇಳಬೇಕು? ತುರ್ತು ಪರಿಸ್ಥಿತಿಯ ಕಾಲ. ಬಾಯಿ ತೆರೆಯುವ ನಮ್ಮಂಥವರೆಲ್ಲ ಜೇಲಿನಲ್ಲಿ. ಮಹಾಂತಯ್ಯ ಒಂದು ಚೀಲ ಜೋಳ ಕಳಿಸಿದ. ಅವಳು ಅದನ್ನು ಬೀದಿಗೆ ಎಳೆದು, ಬಾಯಿ ಬಿಚ್ಚಿ, ಕತ್ತೆಗಳಿಗೆ ಸುರಿದಳು. “ಅವನ ಹುಟ್ಟುಹಬ್ಬದ ಊಟ, ತಿನ್ರಲೇ” ಅಂದಳಂತೆ. ಆಮೇಲೆ ಮಾನ್ವಿ ಬಿಟ್ಟು ಪೋತ್ನಾಳಕ್ಕೆ ಬಂದು, ಬಸ್ಸು ನಿಲ್ಲುವ ಕಡೆ ಚಾದಂಗಡಿ ಹಾಕಿದಳು.

ನಾವು ಹೊರಗೆ ಬಂದ ಮೇಲೆ ಎರಡು ಮೆರವಣಿಗೆ ತೆಗೆದೆವು, ರಾಯಚೂರಿನಲ್ಲಿ ಒಂದು ಧರಣಿ ಕೂತೆವು. ಏನೂ ಹರಿಯಲಿಲ್ಲ. ಸಾಕ್ಷಿ ಹೇಳುವವರು ಅವನ ಮಿಲ್ಲಿನಲ್ಲೇ ದುಡಿಯುವವರು. ಹೀರಾಬಿ ಧರಣಿಗೆ ಬಂದು ಒಂದು ತಾಸು ಕೂತು ಎದ್ದು ಹೋದಳು. “ನೀವು ಕೂಗ್ತೀರಿ, ಮನಿಗೆ ಹೋಗ್ತೀರಿ. ಅವನ ಹಬ್ಬ ವರ್ಷಾ ವರ್ಷಾ ಬರ್ತದ. ನನಗ ವರ್ಷಾ ವರ್ಷಾ ಬರೋದು ಬೇಕು.”

ಅದು ಸಿಕ್ಕಿದ್ದು ಅವಳ ಅಂಗಡಿಯಲ್ಲೇ. ಚಾದ ರೇಟು ಬರೆಯಲು ಒಂದು ಕರಿಹಲಗೆ ತೂಗುಹಾಕಿದ್ದಳು. ರಾಯಚೂರು ಬಸ್ಸಿಗೆ ಕಾಯುವ ಕಾಲೇಜು ಹುಡುಗರು ಅದರ ಮೇಲೆ ಮೊದಲು ಕ್ರಿಕೆಟ್ ರನ್ನು ಬರೆದರು, ಆಮೇಲೆ ‘ಇಂದಿನ ದಿನ’ ಎಂದು ಶುರುಮಾಡಿದರು. ಅವತ್ತಿನ ತಾರೀಖಿಗೆ ಯಾವ ದೊಡ್ಡವರು ಹುಟ್ಟಿದರು, ಲೋಕದಲ್ಲಿ ಏನೇನು ಆಯಿತು, ಎಲ್ಲ. ಬ್ಯಾಂಕಿನ ಪರೀಕ್ಷೆಗೆ ಅದೇ ಕೇಳುತ್ತಿದ್ದರು. ಅದರ ಮುಂದಾಳು ಗದ್ದೆಪ್ಪ, ಕುರಿ ಕಾಯುವವರ ಮನೆಯ ಹುಡುಗ. ಅಕ್ಷರ ದುಂಡಗೆ ಬರೆಯುತ್ತಿದ್ದ.

೧೯೭೮ರ ಆಗಸ್ಟ್ ಹದಿನೈದು. ಹೀರಾಬಿಗೆ ಓದು ಬಾರದು. “ಏನ್ ಬರದೀಲೇ ಗದ್ದೆಪ್ಪಾ? ಓದು.”

“ನೆಪೋಲಿಯನ್ ಹುಟ್ಟಿದ್ದು ಇವತ್ತs ಚಾಚಿ. ನಮ್ಮ ಸಂಗೊಳ್ಳಿ ರಾಯಣ್ಣನೂ ಇವತ್ತs. ಅರವಿಂದರು. ಆಮ್ಯಾಲ ದೇಶಕ್ಕ ಸ್ವಾತಂತ್ರ್ಯ. ಸಿನಿಮಾದಾಕಿ ರಾಖಿ ಹುಟ್ಟಿದ್ದೂ ಅದs ದಿನ, ಅದs ವರ್ಷ. ಎಪ್ಪತ್ತೈದಕ್ಕ ಢಾಕಾದಾಗ ಮುಜಿಬುರ್ ರಹಮಾನರಿಗೆ ಗುಂಡು ಹೊಡದು ಕೊಂದ್ರು.”

ಚಾ ಸೋಸುತ್ತಿದ್ದ ಅವಳ ಕೈ ನಿಂತಿತು. “ಯಾವ ವರ್ಷ ಅಂದೀ?”

“ಎಪ್ಪತ್ತೈದು.”

“ಅವತ್ತು ಗುಂಡು ತಿಂದಾವ ಅವನೊಬ್ಬನs ಏನೋ?”

ಎಲ್ಲರಿಗೂ ಗೊತ್ತಿತ್ತು.

“ಬರೀ. ಬ್ಯಾಂಡಿನ ಅಮೀರ್ ಸಾಬ್‌ನ್ನ ಸಾಹುಕಾರ ಮಹಾಂತಯ್ಯ ಗುಂಡು ಹೊಡದು ಕೊಂದ ಅಂತ ಬರೀ.”

“ಚಾಚಿ, ಅದು ಜನರಲ್ ನಾಲೆಜ್ ಅಲ್ಲ...”

“ಹಂಗಂದ್ರೇನು?”

“ಎಲ್ಲಾರಿಗೂ ಗೊತ್ತಿರಬೇಕಾದ್ದು.”

“ಮತ್ತ? ಇದು ಯಾರಿಗೆ ಗೊತ್ತಿಲ್ಲ, ತೋರ್ಸು ನೋಡೋಣು.”

ಗದ್ದೆಪ್ಪ ಬರೆದ. ಸೀಮೆಸುಣ್ಣ ಎರಡು ಸಲ ಮುರಿಯಿತಂತೆ.

ಮರುವರ್ಷವೂ ಅದೇ ಸಾಲು ಏರಿತು. ಸುದ್ದಿ ಮಿಲ್ಲಿನತನಕ ಹೋಯಿತು. ಜೀಪಿನಲ್ಲಿ ಮೂರು ಮಂದಿ ಬಂದು ಹಲಗೆ ಒಡೆದು, ಒಲೆ ಒದ್ದು, ಹಾಲು ಚೆಲ್ಲಿ ಹೋದರು. ಹುಡುಗರು ಮುಖ ಬಾಡಿಸಿ ನಿಂತಿದ್ದರು. ಹೀರಾಬಿ ಹಲಗೆಯ ಚೂರುಗಳನ್ನೇ ಒಲೆಗೆ ಇಟ್ಟು ಚಾ ಕಾಸಿದಳು. “ಹಲಗಿ ಒಡದ್ರು. ನಿಮ್ಮ ಬಾಯಿ ಒಡದಾರೇನು? ಇನ್ನ ಮ್ಯಾಲ ಬರಿಯೋದು ನಕ್ಕೋ, ಬ್ಯಾಡ. ಹೇಳ್ರಿ. ಆಗಸ್ಟ್ ಹದಿನೈದು ಪೂರಾ ಹೇಳಿದವಗ ಚಾ ಪುಕಟ.”

ಪೂರಾ ಅಂದರೆ ಪೂರಾ. ಒಬ್ಬ ನೇರ ಅಮೀರ್ ಸಾಬ್‌ಗೆ ಹಾರಿದರೆ ಚಾ ಇಲ್ಲ. ಒಬ್ಬ ಚಮಚಾಗಿರಿಗೆ, ಪಟ್ಟಿ ಉದ್ದ ಮಾಡಿ ಅವಳನ್ನು ಮೆಚ್ಚಿಸಲು, ನೆಹರೂ ಹುಟ್ಟಿದ್ದೂ ಅವತ್ತೇ ಎಂದು ಸೇರಿಸಿದ. ಗದ್ದೆಪ್ಪ ಅಲ್ಲ ಅಂದ. ಅವಳು ಕಪ್ಪು ಕಸಿದುಕೊಂಡಳು. “ಒಂದು ಸುಳ್ಳು ಸೇರಿದ್ರ ನಂದೂ ಸುಳ್ಳಾಗ್ತದ, ಭಾಡ್ಕಾವ್. ನಡಿ.”

ಅಲ್ಲಿಂದ ಅದು ಊರೂರು ತಿರುಗಿತು. ಮಾನ್ವಿಯ ಹಾಸ್ಟೆಲಿಗೆ ಹೋಯಿತು, ರಾಯಚೂರಿನ ಬಾಡಿಗೆ ಕೋಣೆಗಳಿಗೆ ಹೋಯಿತು, ಶಕ್ತಿನಗರದಲ್ಲಿ ಕೂಲಿಗೆ ನಿಂತವರ ಬಾಯಿಗೂ ಬಂತು. ನೆಪೋಲಿಯನ್ನು, ರಾಯಣ್ಣ, ಅರವಿಂದರು, ಸ್ವಾತಂತ್ರ್ಯ, ರಾಖಿ, ಮುಜಿಬ್, ಅಮೀರ್ ಸಾಬ್. ಮಗ್ಗಿಯಂತೆ ಒಂದೇ ಉಸಿರಿಗೆ. ನಾವು ಕರಪತ್ರ ಹಂಚಿದ್ದಕ್ಕಿಂತ ದೂರ ಹೋಯಿತು, ಸುಳ್ಳು ಯಾಕೆ ಹೇಳಲಿ.

೧೯೮೬. ಜಿಲ್ಲಾ ಪರಿಷತ್ ಚುನಾವಣೆ ಹತ್ತಿರ ಬಂದಿತ್ತು. ಮಹಾಂತಯ್ಯ ಆ ವರ್ಷ ಹುಟ್ಟುಹಬ್ಬವನ್ನು ಮಾನ್ವಿಗೆ ತಂದ. ದೊಡ್ಡ ಮೈದಾನ, ಶಾಮಿಯಾನ, ಬೂಂದಿ, ಹೈಸ್ಕೂಲು ಮಕ್ಕಳಿಗೆ ವೇದಿಕೆಯ ಮೇಲೆ ರಸಪ್ರಶ್ನೆ. ಕೊನೆಯ ಪ್ರಶ್ನೆ ಅವನ ಮಂದಿಯೇ ಕೂತು ಹೆಣೆದದ್ದು. ಪ್ರಶ್ನೆ ಕೇಳುವ ಮಾಸ್ತರರು ಹೊರಜಿಲ್ಲೆಯಿಂದ ಹೊಸದಾಗಿ ಬಂದವರು, ಕೈಯಲ್ಲಿ ಗಂಟೆ.

“ಆಗಸ್ಟ್ ಹದಿನೈದರ ವಿಶೇಷಗಳನ್ನು ಹೇಳಿ. ಎಷ್ಟು ಹೇಳಿದರೆ ಅಷ್ಟು ಅಂಕ.”

ಮಕ್ಕಳೆಲ್ಲ ಸ್ವಾತಂತ್ರ್ಯ ಅಂದು, ಸಾಹುಕಾರರ ಜನ್ಮದಿನ ಅಂದು ಕೂರಬೇಕು. ಅದು ಅವರ ಯೋಜನೆ. ಪೋತ್ನಾಳದ ಆದೆಮ್ಮ ಎದ್ದು ನಿಂತಳು. ಹೀರಾಬಿಯ ಅಂಗಡಿಗೆ ದಿನಾ ಹಾಲು ಹಾಕುವವರ ಮನೆಯ ಹುಡುಗಿ, ಹತ್ತನೆಯ ಇಯತ್ತೆ. ಮೈಕಿಗೆ ಬಾಯಿ ಹಚ್ಚಿ ಶುರುಮಾಡಿದಳು. ಒಂದೊಂದಕ್ಕೂ ಮಾಸ್ತರರು ಗಂಟೆ ಬಾರಿಸಿ “ಸರಿ” ಅನ್ನುತ್ತಿದ್ದರು. ನೆಪೋಲಿಯನ್, ಗಂಟೆ. ರಾಯಣ್ಣ, ಗಂಟೆ. ಅರವಿಂದರು, ಸ್ವಾತಂತ್ರ್ಯ, ರಾಖಿ. ರಾಖಿಗೆ ಜನ ಸಿಳ್ಳು ಹೊಡೆದರು. ಮುಜಿಬ್, ಗಂಟೆ.

“ಅದೇ ೧೯೭೫, ಬ್ಯಾಂಡಿನ ಅಮೀರ್ ಸಾಬ್ ಕೊಲೆ. ಕೊಂದವರು ಸಾಹುಕಾರ ಮಹಾಂತಯ್ಯ.”

ಗಂಟೆ ಹೊಡೆಯಿತು. “ಸರಿ” ಎಂದೂ ಅಂದುಬಿಟ್ಟರು ಮಾಸ್ತರರು.

ಮೈದಾನದ ಹಿಂದಿನಿಂದ ಯಾರೋ “ಸರೀ!” ಎಂದು ಕೂಗಿದರು. ನಂತರ ಎಲ್ಲ ಕಡೆಯಿಂದ. ಹಾರದ ರಾಶಿಯಲ್ಲಿ ಕೂತ ಮಹಾಂತಯ್ಯ ಎದ್ದು ಬ್ಯಾಂಡಿನ ಕಡೆ ಕೈ ಬೀಸಿದ. “ಬಾರಸ್ರಲೇ! ಏನ್ ನೋಡಾಕತ್ತೀರಿ? ಬಾರಸ್ರಿ!”

ಅದೇ ಬ್ಯಾಂಡು. ಸೈಫುದ್ದೀನ್ ಮುದುಕನಾಗಿದ್ದ. ತುತ್ತೂರಿಯ ಬಾಯಿತುದಿ ಬಿಚ್ಚಿ, ಒರೆಸಿ, ಜೇಬಿಗೆ ಹಾಕಿಕೊಂಡ. “ಹಬ್ಬ ನಿಂತದರೀ ಸಾಹುಕಾರ್ರ” ಅಂದ. ಉಳಿದವರೂ ವಾದ್ಯ ನೆಲಕ್ಕಿಟ್ಟರು. ಹೆಂಗಸರ ಸಾಲಿನಲ್ಲಿ ಕೂತಿದ್ದ ಹೀರಾಬಿ ನಗಲಿಲ್ಲ, ಅಳಲಿಲ್ಲ. ಮಹಾಂತಯ್ಯ ವೇದಿಕೆಯ ಹಿಂದಿನ ಮೆಟ್ಟಿಲು ಇಳಿಯುವತನಕ ಕಣ್ಣು ಕೀಳದೆ ನೋಡಿದಳು.

ಆದೆಮ್ಮನ ಮನೆಗೆ ಧಮಕಿ ಹೋಯಿತು. ಗದ್ದೆಪ್ಪನ ಕಡೆಯ ಕುರಿ ಕಾಯುವವರೆಲ್ಲ ಹದಿನೈದು ದಿನ ಬಡಿಗೆ ಹಿಡಿದು ಆ ಓಣಿಯಲ್ಲೇ ಮಲಗಿದರು. ಯಾರೂ ಬರಲಿಲ್ಲ. ಚುನಾವಣೆಯನ್ನು ಮಹಾಂತಯ್ಯ ಗೆದ್ದ. ಅದನ್ನೂ ಬರೆಯಬೇಕು. ಕೇಸು ಆಗಲಿಲ್ಲ, ಜೇಲು ಆಗಲಿಲ್ಲ.

ಆದರೆ ೧೯೮೭ರ ಮೇ ತಿಂಗಳಲ್ಲಿ ರಾಯಚೂರಿನಿಂದ ದೇವದುರ್ಗದವರೆಗೆ ಗೋಡೆಗಳ ಮೇಲೆ ಹೊಸ ಪೋಸ್ಟರು ಬಿದ್ದವು. ಸಾಹುಕಾರರ ಜನ್ಮದಿನ: ಜೂನ್ ಒಂದು. ಸಾಲಿಯ ದಾಖಲೆ ಈಗ ನೆನಪಾಗಿತ್ತು ಅವನಿಗೆ. ನಮ್ಮ ಹುಡುಗರು ಪೋಸ್ಟರು ಹರಿದು ತಂದು ಹೀರಾಬಿಯ ಮುಂದೆ ಹಿಡಿದರು. “ಗೆದ್ದಿ ಚಾಚಿ! ಹುಟ್ಟಿದ ದಿನಾನs ಬಿಟ್ಟು ಓಡ್ಯಾನ!”

ಅವಳು ಪೋಸ್ಟರು ತಿರುಗಿಸಿ ಅದರ ಹಿಂದೆ ಚಾಪುಡಿ ಸುರಿದಳು. ಗದ್ದೆಪ್ಪ ಆಗ ಬ್ಯಾಂಕಿನಲ್ಲಿ ಕಾರಕೂನ. ರಜೆಗೆ ಬಂದವನು ಬೆಂಚಿನ ಮೇಲೆ ಕೂತಿದ್ದ.

“ಗದ್ದೆಪ್ಪಾ, ಜೂನ್ ಒಂದಕ್ಕ ಏನೇನ್ ಆಗ್ಯದ?”

“ನರ್ಗೀಸ್ ಹುಟ್ಟಿದ್ದು ಅವತ್ತs. ಕಣ್ಣು ಕಿವಿ ಇಲ್ಲದ ಹೆಲೆನ್ ಕೆಲ್ಲರ್ ಅಂತ ಒಬ್ಬಾಕಿ ಇದ್ದಳು, ಆಕಿ ತೀರಿಕೊಂಡದ್ದು ಅವತ್ತು. ಮತ್ತ ಸಾಲಿಗೆ ಹೋದ ನಾವೆಲ್ಲಾ ಹುಟ್ಟಿದ್ದು.”

“ಬರಕೋ. ಒಂದು ಹಲಗಿ ತಂದು ಬರೀ. ಅದರ ಕೆಳಗ, ಆಗಸ್ಟ್ ಹದಿನೈದರಿಂದ ಕೊಲಿಗಾರ ಮಹಾಂತಯ್ಯ ಓಡಿ ಬಂದು ಅಡಗಿದ ದಿನ ಅಂತ ಬರೀ.” ಒಲೆಗೆ ಗಾಳಿ ಹೊಡೆದಳು. “ಮುನ್ನೂರ ಅರವತ್ತೈದು ದಿನ ಅದಾವ. ಓಡಲಿ. ಎಲ್ಲೆಲ್ಲಿಗೆ ಓಡ್ತಾನೋ ಓಡಲಿ.”