ಕಿರುಬೆರಳು ನಿಂತ ತಿಂಗಳು

ಲಾಕ್‌ಡೌನ್ ಮುಗಿದು ಎರಡು ವರ್ಷವಾಗಿತ್ತು. ಆಗ ನಾನು ಕಾಶಿಯ ಹನುಮಾನ್ ಘಾಟ್ ಹತ್ತಿರದ ಒಂದು ಸಣ್ಣ ಸ್ಟುಡಿಯೋದಲ್ಲಿ ಮುಖ್ಯ ರೆಕಾರ್ಡಿಸ್ಟ್ ಆಗಿದ್ದೆ. ವಯಸ್ಸು ಐವತ್ತಾರು, ಅನುಭವ ಇಪ್ಪತ್ತೊಂಬತ್ತು ವರ್ಷ. ಮೈಸೂರು ಕಡೆಯಿಂದ ಬಂದು ಯಾತ್ರಿಕರಿಗೆ ಶ್ರಾದ್ಧ ಮಾಡಿಸುತ್ತಿದ್ದ ಪುರೋಹಿತರ ಮಗಳು ಈ ಕೆಲಸಕ್ಕೆ ಹೇಗೆ ಬಂದಳು ಎಂಬುದು ಬೇರೆ ಕಥೆ. ನಮ್ಮಲ್ಲಿ ರೆಕಾರ್ಡ್ ಆಗುತ್ತಿದ್ದುದು ಮುಕ್ಕಾಲು ಪಾಲು ಭಜನೆ, ಉಳಿದದ್ದು ಭೋಜ್‌ಪುರಿ ಮದುವೆ ಹಾಡು, ಛಠ್ ಹಬ್ಬದ ಹಾಡು. ನನ್ನ ಕಿವಿಯ ಬಗ್ಗೆ ನನಗೆ ಜಂಬವಿತ್ತು. ಹಾರ್ಮೋನಿಯಂನ ಒಂದು ರೀಡು ಕೂದಲೆಳೆಯಷ್ಟು ಇಳಿದಿದ್ದರೂ ಹಿಡಿಯುತ್ತಿದ್ದೆ. ಆ ಕಿವಿ ಸರಿಯಾಗಿಯೇ ಕೇಳಿಸಿಕೊಂಡು, ನಾನು ತಪ್ಪಾಗಿ ತಿಳಿದುಕೊಂಡ ಪ್ರಕರಣ ಇದು.

ವೀರೇಶ ನಮ್ಮ ಬೇಸ್ ಗಿಟಾರ್ ವಾದಕ. ಹೆಸರು ಬದಲಿಸಿದ್ದೇನೆ, ಬರೆಯಲು ಅವನ ಒಪ್ಪಿಗೆ ಇದೆ. ಜಂಗಮವಾಡಿ ಗಲ್ಲಿಯಲ್ಲಿ ಹುಟ್ಟಿ ಬೆಳೆದವನು. ಮನೆಮಾತು ಕಲಬುರಗಿ ಕಡೆಯ ಕನ್ನಡ, ತಾಳ ಎಣಿಸುವುದು ಹಿಂದಿಯಲ್ಲಿ. ಆಗ ನಲವತ್ತೊಂದು ವರ್ಷ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಜೊತೆಗೆ ಸಕ್ಕರೆ ಕಾಯಿಲೆ. ಮನೆ ನಡೆಯುತ್ತಿದ್ದುದು ಆ ನಾಲ್ಕು ತಂತಿಗಳ ಮೇಲೆ.

ಬೇಸ್ ಗಿಟಾರ್ ಬಾರಿಸುವ ಎರಡು ರೀತಿಯನ್ನು ಇಲ್ಲಿ ಹೇಳಬೇಕು. ಒಂದು, ಬಲಗೈಯಲ್ಲಿ ಪಿಕ್ ಎಂಬ ಪ್ಲಾಸ್ಟಿಕ್ ಚೂರು ಹಿಡಿದು ಪ್ರತಿ ಸ್ವರಕ್ಕೂ ತಂತಿ ಮೀಟುವುದು. ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ. ಇನ್ನೊಂದು ಲೆಗಾಟೊ. ಬಲಗೈ ಒಂದೇ ಸಲ ಮೀಟುತ್ತದೆ, ಮುಂದಿನ ಸ್ವರಗಳನ್ನು ಎಡಗೈ ಬೆರಳುಗಳೇ ತಂತಿಯನ್ನು ಕುಟ್ಟಿ, ಎಳೆದು ಹೊರಡಿಸುತ್ತವೆ. ಸಿತಾರಿನವರೂ ಇಂಥದ್ದನ್ನು ಮಾಡುತ್ತಾರೆ. ಇದರಲ್ಲಿ ದುಡಿಮೆಯೆಲ್ಲ ಎಡಗೈಯದು, ಅದರಲ್ಲೂ ಕಿರುಬೆರಳಿನದು.

ಇದೇ ವಿಷಯಕ್ಕೆ ನಾವಿಬ್ಬರೂ ಹತ್ತು ವರ್ಷ ಜಗಳವಾಡಿದ್ದೆವು. ನಮ್ಮ ಹಾಡುಗಳನ್ನು ಜನ ಕೇಳುವುದು ದೇವಸ್ಥಾನದ ಮೈಕಿನಲ್ಲಿ, ಟೋಟೋ ಎಂಬ ಬ್ಯಾಟರಿ ರಿಕ್ಷಾದ ಒಡಕು ಸ್ಪೀಕರ್ ಡಬ್ಬದಲ್ಲಿ. ಅಲ್ಲಿ ಲೆಗಾಟೊ ಅಂಬಲಿಯಾಗುತ್ತದೆ, ಪಿಕ್ ಹಿಡಿ ಎಂದು ನಾನು. ಅವನು ಕೇಳುತ್ತಿರಲಿಲ್ಲ.

"ಒಂದೊಂದು ಸ್ವರ ಕುಕ್ಕಿ ಕುಕ್ಕಿ ಬಾರಿಸಿದ್ರ ಕೋಳಿ ಕಾಳು ತಿಂದಂಗ ಆಗ್ತದ ಅಕ್ಕಾರ. ಭಜನ್ ಅದ ಇದು, ಉಸಿರು ಕಡೀಬಾರದು," ಅನ್ನುತ್ತಿದ್ದ.

ಆ ವರ್ಷ ನವರಾತ್ರಿಯ ರೆಕಾರ್ಡಿಂಗಿಗೆ ಅವನು ತಾನಾಗಿಯೇ ಪಿಕ್ ಹಿಡಿದು ಬಂದ. ಛಠ್ ಹಾಡುಗಳಿಗೂ ಪಿಕ್ಕೇ. ಅಂತೂ ಬುದ್ಧಿ ಬಂತು ಎಂದುಕೊಂಡೆ. ಯಾಕೆ ಎಂದು ಕೇಳಲಿಲ್ಲ. ಗೆದ್ದವರು ಯಾಕೆ ಕೇಳುತ್ತಾರೆ?

ಜನವರಿ ಬಂತು. ಮಂಜು ಕವಿದು ಗಂಗೆಯ ಆಚೆ ದಡದ ರಾಮನಗರ ಕೋಟೆ ಕಾಣದೆ ನಾಲ್ಕು ದಿನವಾಗಿತ್ತು. ಬೆಳಗ್ಗೆ ಹನ್ನೊಂದರ ಹೊತ್ತು, ಎರಡು ಟೇಕುಗಳ ನಡುವೆ ವೀರೇಶ ಹೀಟರ್ ಪಕ್ಕ ಕೂತು ಚಾ ಕುಡಿಯುತ್ತಿದ್ದ. ಎಡಗೈ ಹೀಟರಿನ ಜಾಲರಿಯ ಮೇಲಿತ್ತು. ನನಗೆ ಮೊದಲು ಬಂದದ್ದು ವಾಸನೆ.

"ಏ, ಕೈ ತೆಗಿಯೋ! ಸುಡ್ತಾ ಇದೆ!"

ಅವನು ನಿಧಾನವಾಗಿ ಕೈ ತೆಗೆದು, ಯಾರದೋ ಕೈ ನೋಡುವಂತೆ ನೋಡಿದ. "ಏನೂ ಆಗಿಲ್ಲ ಬಿಡ್ರಿ ಅಕ್ಕಾರ. ಇಪ್ಪತ್ತು ವರ್ಷ ತಂತಿ ಒತ್ತೀನಿ. ಇದು ಚರ್ಮ ಅಲ್ಲ, ಚಪ್ಪಲಿ ಆಗ್ಯದ."

ತಂತಿವಾದ್ಯದವರ ಹಳೇ ತಮಾಷೆ ಇದು. ಅವರ ಬೆರಳ ತುದಿಗಳು ಜಡ್ಡುಗಟ್ಟಿ, ಸ್ಪರ್ಶವೇ ಗೊತ್ತಾಗದಂತಿರುತ್ತವೆ. ಅದು ಹೆಮ್ಮೆಯ ಗುರುತು. ನಾನೂ ಎಷ್ಟೋ ಸಲ ನಕ್ಕಿದ್ದೇನೆ. ಆದರೆ ಅವತ್ತು ಬೊಬ್ಬೆ ಎದ್ದದ್ದು ಬೆರಳ ತುದಿಯಲ್ಲಲ್ಲ, ಅಂಗೈಯ ಹೊರ ಅಂಚಿನಲ್ಲಿ, ಕಿರುಬೆರಳಿನ ಕೆಳಗೆ. ಅಲ್ಲಿಗೆ ತಂತಿ ಎಂದೂ ತಾಗುವುದಿಲ್ಲ. ಅವನಿಗೆ ಕಣ್ಣು ಮುಚ್ಚಲು ಹೇಳಿ, ಆ ಜಾಗದ ಪಕ್ಕದಲ್ಲಿ ಪೆನ್ನಿನ ಮೊನೆ ಒತ್ತಿದೆ.

"ಗೊತ್ತಾಗ್ತಿದ್ಯಾ?"

"ಒತ್ತೀರೇನು?" ಅಂದ.

ಬೆರಳು ಚಾಚು ಅಂದೆ. ಕಿರುಬೆರಳು ಪೂರ್ತಿ ಚಾಚಲಿಲ್ಲ. ಎಷ್ಟು ದಿನದಿಂದ ಹೀಗೆ ಎಂದರೆ, "ಎರಡು ತಿಂಗಳಾಗಿರಬೇಕು, ಥಂಡಿ ನೋಡ್ರಿ," ಅಂದ.

ಮರುದಿನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಹತ್ತಿಯ ಎಳೆಯಿಂದ ಕೈಯೆಲ್ಲ ಮುಟ್ಟಿ ನೋಡಿದರು, ಬೆರಳುಗಳ ನಡುವೆ ಕಾಗದ ಇಟ್ಟು ಹಿಡಿದುಕೋ ಎಂದರು, ಮೊಣಕೈಯ ಹಿಂದೆ ನರ ದಪ್ಪವಾಗಿರುವುದನ್ನು ತಡವಿದರು. ತೋಳಿನ ಹಿಂಭಾಗದಲ್ಲಿ ಬಣ್ಣ ಕಳೆದುಕೊಂಡ ಮಚ್ಚೆಗಳಿದ್ದವು. ಇನ್ನೂ ಕೆಲವು ಪರೀಕ್ಷೆಗಳಾದ ಮೇಲೆ ಕಾಯಿಲೆಯ ಹೆಸರು ಹೇಳಿದರು. ಕುಷ್ಠ.

ಅವರು ಹಿಂದಿಯಲ್ಲಿ ವಿವರಿಸಿದ್ದರ ಸಾರ ಇಷ್ಟು. ಹನ್ನೆರಡು ತಿಂಗಳ ಮಾತ್ರೆ, ಉಚಿತ. ಕಾಯಿಲೆ ಪೂರ್ತಿ ಗುಣವಾಗುತ್ತದೆ. ಮಾತ್ರೆ ಶುರುವಾದರೆ ಇನ್ನೊಬ್ಬರಿಗೆ ಹರಡುವ ಭಯವಿಲ್ಲ, ಮನೆಯಲ್ಲೇ ಇರಬಹುದು. ಆದರೆ ಬೆರಳಿನ ಶಕ್ತಿ ಬೇರೆ ವಿಷಯ. ನರದ ಊತ ಇಳಿಸಲು ಸ್ಟೆರಾಯ್ಡ್ ಕೊಡಬಹುದು. ದೌರ್ಬಲ್ಯ ಶುರುವಾಗಿ ಆರು ತಿಂಗಳೊಳಗಾದರೆ ಬೆರಳು ಮರಳುವ ಸಾಧ್ಯತೆ ಹೆಚ್ಚು, ದಾಟಿದರೆ ಕಡಿಮೆ. ಸ್ಟೆರಾಯ್ಡ್ ಸಕ್ಕರೆ ಏರಿಸುತ್ತದೆ, ಇವನಿಗೆ ಮೊದಲೇ ಹೆಚ್ಚು. ಉಪಯೋಗವಿದೆ ಎನ್ನಿಸಿದರೆ ಮಾತ್ರ ಕೊಡುತ್ತೇನೆ, ಯಾವಾಗ ಶುರುವಾಯಿತು ಎಂದು ಸರಿಯಾಗಿ ಯೋಚಿಸಿ ಹೇಳಿ ಎಂದರು.

ಹೊರಗೆ ಬೆಂಚಿನ ಮೇಲೆ ಕೂತೆವು.

"ಗಲ್ಲಿಯೊಳಗ ಈ ಹೆಸರು ಹೋದ್ರ ಯಾರೂ ನನ್ನ ಬಾಜೂ ಕುಂದ್ರಂಗಿಲ್ಲ ಅಕ್ಕಾರ."

"ನಾನು ಕೂತಿದೀನಲ್ಲ," ಅಂದೆ. ಯಾವಾಗ ಶುರುವಾಯಿತೆಂದು ಮತ್ತೆ ಕೇಳಿದೆ. ಬೆರಳು ಸೋತದ್ದು ಗೊತ್ತಿತ್ತು, ಯಾವ ತಿಂಗಳಿಂದ ಎಂಬುದು ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ.

ನೆನಪು ನನ್ನ ಹಾರ್ಡ್ ಡಿಸ್ಕಿನಲ್ಲಿತ್ತು. ಸ್ಟುಡಿಯೋದಲ್ಲಿ ಪ್ರತಿ ವಾದ್ಯವನ್ನೂ ಪ್ರತ್ಯೇಕ ಟ್ರ್ಯಾಕ್ ಆಗಿ ಹಿಡಿಯುತ್ತೇವೆ, ಫೈಲಿನ ಮೇಲೆ ತಾರೀಖು ಇರುತ್ತದೆ. ಮರುದಿನ ಬಾಗಿಲು ಹಾಕಿಕೊಂಡು, ಹಿಂದಿನ ಒಂದು ವರ್ಷದ ಅವನ ಬೇಸ್ ಒಂದನ್ನೇ ಕೇಳುತ್ತ ಹೋದೆ. ಅವನ ಎಡಗೈ ನನಗೆ ಬಾಯಿಪಾಠ. ಯಾವ ಸ್ವರಕ್ಕೆ ಕಿರುಬೆರಳು ಬೀಳಬೇಕೆಂದು ನೋಡದೆಯೂ ಗೊತ್ತು.

ಏಪ್ರಿಲ್‌ನಲ್ಲಿ ಕಿರುಬೆರಳು ಇದೆ, ಗಟ್ಟಿಯಾಗಿದೆ. ಮೇ ಕೊನೆಯ ವಾರದ ಮದುವೆ ಹಾಡುಗಳಲ್ಲಿ ಇಲ್ಲ. ಅದರ ಸ್ವರವನ್ನು ಉಂಗುರಬೆರಳು ತೆಗೆದುಕೊಂಡಿದೆ, ಅದಕ್ಕಾಗಿ ಕೈಯೇ ಸರಿದು ತಂತಿಯ ಮೇಲೆ ಸಣ್ಣ ಸದ್ದು ಮಾಡಿದೆ. ಜುಲೈಯಲ್ಲಿ ಆ ಸದ್ದು ಹೆಚ್ಚು. ಸೆಪ್ಟೆಂಬರಿನಲ್ಲಿ, ನವರಾತ್ರಿಯ ಭಜನೆಗಳಲ್ಲಿ ಪಿಕ್. ಕುಟ್ಟಲು ಬೆರಳಿಲ್ಲದವನು ಪಿಕ್ ಹಿಡಿಯದೆ ಏನು ಮಾಡುತ್ತಾನೆ?

ಆ ಸೆಪ್ಟೆಂಬರಿನ ಟ್ರ್ಯಾಕಿನ ಕೊನೆಯಲ್ಲಿ, ರೆಕಾರ್ಡಿಂಗ್ ನಿಲ್ಲಿಸುವ ಮೊದಲು, ಅವನು ಬಾರಿಸುತ್ತಿದ್ದ ಕೋಣೆಯ ಸ್ಪೀಕರಿನಿಂದ ಮೈಕಿಗೆ ಬಿದ್ದ ಒಂದು ಹೆಂಗಸಿನ ದನಿ ಬರುತ್ತದೆ. "ಈಗ ದಾರಿಗೆ ಬಂದೆ ನೋಡು. ಹತ್ತು ವರ್ಷದಿಂದ ಇದನ್ನೇ ಬಡ್ಕೊಳ್ತಿದ್ದೆ. ಇನ್ಮೇಲೆ ಹೀಗೇ ಬಾರಿಸು."

ನನ್ನದೇ ದನಿ. ಹಾಗೆ ಹೇಳಿದ್ದು ನನಗೆ ಮರೆತೇ ಹೋಗಿತ್ತು. ಮೇಯಿಂದ ಸೆಪ್ಟೆಂಬರಿಗೆ ನಾಲ್ಕು ತಿಂಗಳು, ಆಗಿನ್ನೂ ಸಮಯವಿತ್ತು. ಜನವರಿಗೆ ಎಂಟು. ನನಗೆ ಅಳು ಬರಲಿಲ್ಲ, ಏನೂ ಬರಲಿಲ್ಲ. ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದೆ, ಮನೆಗೆ ಹೋಗಿ ಮಜ್ಜಿಗೆ ಅನ್ನ ಉಂಡೆ, ಮಲಗಿದೆ. ನಾಚಿಕೆ ಬಂದದ್ದು ಎಷ್ಟೋ ವಾರಗಳ ಮೇಲೆ, ಬಂದದ್ದು ಇನ್ನೂ ಹೋಗಿಲ್ಲ.

ಡಾಕ್ಟರು ಹಾಳೆಯನ್ನು ಎರಡು ಸಲ ಓದಿದರು. ಇಂಥ ಕೇಸ್ ಹಿಸ್ಟರಿ ತಾನು ನೋಡಿಲ್ಲ ಎಂದರು. ಆಮೇಲೆ, "ಎಂಟು ತಿಂಗಳು. ಸಕ್ಕರೆ ಬೇರೆ. ಸ್ಟೆರಾಯ್ಡ್ ಬೇಡ," ಎಂದು ಬರೆದರು. ಕೈಗೆ ವ್ಯಾಯಾಮ, ರಾತ್ರಿ ಕಟ್ಟಿಕೊಳ್ಳಲು ಪಟ್ಟಿ, ಹನ್ನೆರಡು ತಿಂಗಳ ಮಾತ್ರೆ.

ಕಾಯಿಲೆ ಗುಣವಾಯಿತು. ಹೆಂಡತಿ, ಮಕ್ಕಳ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಕಿರುಬೆರಳು ಮಾತ್ರ ಬಾಗಿದಂತೆಯೇ ಉಳಿಯಿತು. ವೀರೇಶ ಈಗ ಮೂರು ಬೆರಳು ಮತ್ತು ಪಿಕ್‌ನಿಂದ ಬಾರಿಸುತ್ತಾನೆ. ಕೆಲಸ ಕಡಿಮೆಯಾಗಿಲ್ಲ. ಟೋಟೋಗಳಲ್ಲಿ ಬಹಳ ಸ್ಪಷ್ಟವಾಗಿ ಕೇಳುತ್ತದೆ.

ಈ ವೃತ್ತಿ ಕಲಿಸಿದ ಪಾಠವೇನೆಂದು ಕೇಳಿದರೆ ನಾನು ಹೇಳುವುದು ಇಷ್ಟೇ. ವಾದಕನ ರೀತಿ ಇದ್ದಕ್ಕಿದ್ದಂತೆ ಬದಲಾದರೆ, ಆ ಬದಲಾವಣೆ ನಿಮಗೆ ಇಷ್ಟವಾದದ್ದೇ ಆಗಿದ್ದರೂ, ಹೊಗಳುವ ಮೊದಲು ಯಾಕೆ ಎಂದು ಕೇಳಿ. ಇಷ್ಟವಾದಾಗಲೇ ನಾವು ಕೇಳುವುದಿಲ್ಲ.

ಮಾತ್ರೆಯ ವರ್ಷ ಮುಗಿದ ಮೇಲೆ ಆ ಸೆಪ್ಟೆಂಬರಿನ ಟ್ರ್ಯಾಕನ್ನು ವೀರೇಶನಿಗೆ ಕೇಳಿಸಿದೆ. ಮುಚ್ಚಿಟ್ಟುಕೊಳ್ಳಲು ಮನಸ್ಸಾಗಲಿಲ್ಲ. ನನ್ನ ದನಿ ಬಂದಾಗ ಅವನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ಅವತ್ತು ಯಾಕೆ ಅಂತ ಕೇಳಿದ್ದಿದ್ರೆ ಹೇಳ್ತಿದ್ಯಾ?" ಅಂದೆ.

"ಹೇಳ್ತಿದ್ದೆ ಅಕ್ಕಾರ," ಅಂದ. "ನನ್ನ ಆ ಬೆರಳು ಕೇಳಿಸ್ತಿದ್ದದ್ದು ನಿಮಗೊಬ್ಬರಿಗೇ."