ನಾಲ್ಕನೆಯ ಖಾನೆಯ ಕುಂಕುಮ

ಈ ಸಲದ ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ಮುಂಜಾನೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೆಂಡತಿ ಎಲ್ಲ ಜೋಡಿಸಿಟ್ಟಿದ್ದಳು. ಕುಡಗೋಲು, ಈಳಿಗೆ, ಸ್ಕೂಟರಿನ ಕೀಲಿ, ಮಗಳ ಲ್ಯಾಪ್‌ಟಾಪ್. ನಡುವೆ ನನ್ನ ಕಪಾಟಿನಲ್ಲಿದ್ದ ಹಳೆಯ ಡಿಸ್ಕ್, ಇಟ್ಟಿಗೆಯಂಥ ತೂಕದ ಲೋಹದ ಡಬ್ಬಿ. ಕರ್ಪೂರ, ಕುಂಕುಮ, ಚೆಂಡುಹೂವಿನ ವಾಸನೆ ಒಟ್ಟಿಗೇ ಮೂಗಿಗೆ ಬಡಿಯಿತು. ಹಿಂದೆ ಫೌಂಡ್ರಿಯಲ್ಲಿ ಬಾಯಾರ ಕಂಪ್ಯೂಟರ್ ಕೋಣೆಯಲ್ಲೂ ಹಬ್ಬದ ದಿನ ಇದೇ ವಾಸನೆ ಇರುತ್ತಿತ್ತು...

ತೊಂಬತ್ತರ ದಶಕದ ಕೊನೆಯ ಮಾತು. ತಾರಿಹಾಳದ ಒಂದು ಫೌಂಡ್ರಿಯಲ್ಲಿ ನಾನು ಪಂಪಿನ ಭಾಗಗಳ ಡ್ರಾಯಿಂಗ್ ಮಾಡುತ್ತಿದ್ದೆ. ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳನ್ನು ನಾವೆಲ್ಲರೂ, ಸಾಲಿಯಲ್ಲಿ ಕಲಿಸುವವರನ್ನು ಕರೆಯುವ ಹಾಗೆ, ಬಾಯಾರು ಎಂದೇ ಕರೆಯುತ್ತಿದ್ದೆವು. ಅವರೆದುರು ನಾನು ಪಾಠ ಒಪ್ಪಿಸುವವನಂತೆ ಕೈಕಟ್ಟಿ ನಿಲ್ಲುತ್ತಿದ್ದೆ. ಫೌಂಡ್ರಿಯ ಹಳೆಯ ಡ್ರಾಯಿಂಗುಗಳನ್ನೆಲ್ಲ ಕಾಗದದಿಂದ ಯುನಿಕ್ಸ್ ಸರ್ವರಿಗೆ ಏರಿಸಿದವರು ಅವರೇ. ಗೆದ್ದಲು ಹಿಡಿದ ಕಾಗದವನ್ನು ರದ್ದಿಗೆ ಹಾಕುವ ದಿನ ಮಾಲಕರು ಹಿಂದೆಮುಂದೆ ನೋಡಿದ್ದರು. "ಹಾಕ್ರಿ, ಅದಕ್ಕ ನಾ ಹೊಣಿ" ಎಂದಿದ್ದರು ಬಾಯಾರು. ಅಂದಿನಿಂದ ಆ ಯಂತ್ರ ಕೆಮ್ಮಿದರೂ ಎಲ್ಲರೂ ಅವರ ಮುಖ ನೋಡುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಖಂಡೇ ಪೂಜೆಗೆ ಲೇಥಿಗೆ, ಕುಲುಮೆಗೆ ಉಳಿದವರು ಕುಂಕುಮ ಹಚ್ಚಿದರೆ, ಬಾಯಾರು ಸರ್ವರ್ ಆರಿಸಿ, ಒಳಗಿನ ಡಿಸ್ಕುಗಳನ್ನು ಒಂದೊಂದಾಗಿ ಹೊರಗೆಳೆದು ಒರೆಸಿ, ಪ್ರತಿಯೊಂದಕ್ಕೂ ಉಂಗುರ ಬೆರಳಿನಿಂದ ಕುಂಕುಮ ಇಡುತ್ತಿದ್ದರು. ನಾವು ನಕ್ಕರೆ, "ಮ್ಯಾಲಿನ ಡಬ್ಬಿಗೆ ಹಚ್ಚಿದ್ರ ಏನ ಬಂತು? ದುಡಿಯೂದು ಒಳಗಿಂದು" ಎನ್ನುತ್ತಿದ್ದರು. ಆ ವರ್ಷದ ಹಬ್ಬಕ್ಕೆ ನಾನು ಊರಿಗೆ, ಮುಗದಕ್ಕೆ ಹೋಗಿದ್ದೆ. ಪೂಜೆಯ ಹೊತ್ತಿಗೆ ಆ ಕೋಣೆಯಲ್ಲಿ ಅವರೊಬ್ಬರೇ ಇದ್ದರು.

ಹಬ್ಬ ಮುಗಿದು ಸ್ವಲ್ಪ ದಿನಕ್ಕೇ ಸರ್ವರಿನಲ್ಲಿ ಜಾಗ ತುಂಬಿಹೋಯಿತು. ಹೊಸ ಡ್ರಾಯಿಂಗ್ ಉಳಿಸಲು ಹೋದರೆ ಸಾಧ್ಯವಿಲ್ಲ ಎನ್ನುತ್ತಿತ್ತು. ಆ ಸಂಜೆಯೊಳಗೆ ತಿದ್ದಿದ ಡ್ರಾಯಿಂಗ್ ದೊಡ್ಡ ಗಿರಾಕಿಯೊಬ್ಬನಿಗೆ ತಲುಪಬೇಕಿತ್ತು. ಹೊಸ ಡಿಸ್ಕ್ ಹಿಡಿದು ಬೆಂಗಳೂರಿನಿಂದ ಎಂಜಿನಿಯರ್ ಬಂದ. ಪ್ರತಿ ತೆಗೆದಿಡುವ ಟೇಪ್ ಡ್ರೈವ್ ಹಳೆಯ ಟೇಪುಗಳನ್ನೂ ಕೆಡಿಸಿ ದುರಸ್ತಿಗೆ ಹೋಗಿದ್ದರಿಂದ ಡ್ರಾಯಿಂಗುಗಳ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. "ಟೇಪ್ ಬರೂತನಕಾ ತಡೀರಿ" ಎಂದು ಬಾಯಾರು ಬೇಡಿಕೊಂಡರು. ಮಾಲಕರು ಕೇಳಲಿಲ್ಲ.

ಸರ್ವರಿನಲ್ಲಿ ಡಿಸ್ಕ್ ಕೂಡಿಸಲು ನಾಲ್ಕು ಖಾನೆಗಳಿದ್ದವು. ಮೊದಲ ಮೂರು ತುಂಬಿವೆ, ನಾಲ್ಕನೆಯದು ಖಾಲಿ ಎಂದು ಯಂತ್ರದ ಬಾಗಿಲ ಮೇಲೆ ಚೀಟಿ ಇತ್ತು. ಆ ಮೂರನ್ನೂ ಒಂದೇ ಗುಂಪಾಗಿ ಕೂಡಿಸಿ, ಕಾಳು ತುಂಬುವ ದೊಡ್ಡ ಹಗೇವಿನ ಹಾಗೆ ಮಾಡಿಟ್ಟಿದ್ದರು. ಒಂದನ್ನು ಅಳಿಸಿದರೂ ಒಳಗಿನದೆಲ್ಲ ಮಣ್ಣುಪಾಲು. ಎಂಜಿನಿಯರ್ ಯಂತ್ರ ಆರಿಸಿ, ಖಾಲಿ ಕಂಡ ಖಾನೆಗೆ ಡಿಸ್ಕ್ ತೂರಿಸಿ, ಬಾಗಿಲು ಮುಚ್ಚಿ, ಮತ್ತೆ ಚಾಲೂ ಮಾಡಿದ. ಚೀಟಿ ನೋಡಿ, ನಾಲ್ಕನೆಯ ಡಿಸ್ಕನ್ನು ಅಣಿಗೊಳಿಸು ಎಂದು ಆಜ್ಞೆ ಕೊಟ್ಟ. ಈ ಡಿಸ್ಕ್ ಆಗಲೇ ಒಂದು ಗುಂಪಿಗೆ ಸೇರಿದೆ ಎಂದು ಯಂತ್ರ ನಿರಾಕರಿಸಿತು.

"ಎಲ್ಲೋ ಬಳಸಿ ವಾಪಸ್ ಬಂದಿರೋ ಡಿಸ್ಕ್ ಇರಬೇಕು ಮೇಡಂ. ಹಳೇ ಗುರುತು ಉಳಿದಿದೆ. ಬಲವಂತ ಮಾಡಿದರೆ ಆಯ್ತು" ಎಂದು ಅದೇ ಆಜ್ಞೆಗೆ ಇನ್ನೊಂದು ಅಕ್ಷರ ಸೇರಿಸಿದ. ಒಂದು ಗುಂಡಿ ಒತ್ತುವುದಷ್ಟೇ ಬಾಕಿ.

ಬಾಯಾರು ಆ ಗುಂಡಿಯ ಮೇಲೆ ತಮ್ಮ ಅಂಗೈ ಇಟ್ಟುಬಿಟ್ಟರು.

"ತಡೀರಿ. ಹೊಸಾದು ಅಂತೀರಿ, ಅದಕ್ಕ ಮನಿ ಐತಿ ಅಂತ ಯಂತ್ರ ಹೇಳಾಕತ್ತೈತಿ. ಯಾರ ಮನೀದು ಕೇಳೂಣು." ಗುಂಪಿನಲ್ಲಿ ಯಾರ್ಯಾರಿದ್ದಾರೆ ಎಂದು ಯಂತ್ರವನ್ನೇ ಕೇಳಿಸಿದರು. ಒಂದು, ಎರಡು, ನಾಲ್ಕು ಎಂದಿತು. ಮೂರನೆಯದರ ಸುದ್ದಿಯೇ ಇಲ್ಲ. ಎಂಜಿನಿಯರ್, ಹೆಸರುಗಳು ಹಿಂದೆಮುಂದಾಗಿರಬೇಕು ಎಂದ.

"ಆರಸ್ರಿ. ಬಾಗಲಾ ತಗದ ನೋಡೂಣು."

ಮಾಲಕರ ತಾಳ್ಮೆ ಹರಿಯಿತು. "ಬಾಯಾರ, ಸಂಜೀ ಒಳಗ ಡ್ರಾಯಿಂಗ್ ಹೋಗಲಿಲ್ಲಂದ್ರ ಗಿರಾಕಿ ಹೋದ. ಅವರು ತಿಳದವರದಾರ, ಕೈ ತಗೀರಿ!"

ಬಾಯಾರು ಕೈ ತೆಗೆಯಲಿಲ್ಲ. ಎ.ಸಿ. ತಣ್ಣಗೆ ಬೀಸುತ್ತಿದ್ದರೂ ಅವರ ಹಣೆ ಬೆವರಿತ್ತು. ಮಾಲಕರ ಮಾತಿಗೆ ಅವರು ಎದುರಾಡಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಕೊನೆಗೆ ಮಾಲಕರು ಏನೋ ಗೊಣಗಿ ಕೈ ಬೀಸಿದರು, ಎಂಜಿನಿಯರ್ ಯಂತ್ರ ಆರಿಸಿದ.

ಬಾಯಾರು ನಾಲ್ಕನೆಯ ಖಾನೆಯ ಡಿಸ್ಕ್ ಹೊರಗೆಳೆದರು. ಅದರ ನೆತ್ತಿಯ ಮೇಲೆ ಕುಂಕುಮವಿತ್ತು.

ಹೊಸ ಡಿಸ್ಕ್ ಮೂರನೆಯ ಖಾನೆಯಲ್ಲಿ ಬೋಳು ಹಣೆಯಿಂದ ಕೂತಿತ್ತು. ಹಬ್ಬದ ದಿನ ಮೂರನೆಯದನ್ನು ಪೂಜೆ ಮಾಡಿ ನಾಲ್ಕರಲ್ಲಿ ಇಟ್ಟುಬಿಟ್ಟಿದ್ದರು. ಯಂತ್ರ ಡಿಸ್ಕನ್ನು ಗುರುತಿಸುವುದು ಅದರೊಳಗೆ ಬರೆದ ಗುರುತಿನಿಂದ. ಎಲ್ಲಿ ಕೂತರೂ ಅದಕ್ಕೆ ತಕರಾರಿಲ್ಲ. ಹೀಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಆ ಗುಂಡಿ ಒತ್ತಿದ್ದರೆ ಫೌಂಡ್ರಿಯ ಡ್ರಾಯಿಂಗುಗಳೆಲ್ಲ ಅಲ್ಲಿಗೆ ಮುಗಿಯುತ್ತಿದ್ದವು.

ಎಂಜಿನಿಯರ್ ಬಿಳಿಚಿಹೋದ. "ಹಾಕುವಾಗ ಖಾನೆ ನೋಡಬೇಕಿತ್ತು ನಾನು" ಎಂದು ತೊದಲಿದ. ಮಾಲಕರು ಅವನ ಮೇಲೆ ಹರಿಹಾಯಲು ಬಾಯಿ ತೆರೆದೇಬಿಟ್ಟಿದ್ದರು. ಬಾಯಾರು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು; ಶಾಬಾಸ್ ಅನ್ನಿಸಿಕೊಂಡು ಮನೆಗೆ ಹೋಗಬಹುದಿತ್ತು.

"ಅವರಿಗೆ ಬೈಬ್ಯಾಡ್ರಿ" ಎಂದರು. "ಈ ಕುಂಕುಮಾ ಹಚ್ಚಿದಾಕಿ ನಾ. ಖಾನೇ ತಪ್ಪಿಸಿ ಇಟ್ಟಾಕಿನೂ ನಾನ."

ಮಾಲಕರು ಬೈಯಲಿಲ್ಲ. ಸಂಜೆಯೊಳಗೆ ಹೊಸ ಡಿಸ್ಕ್ ಗುಂಪಿಗೆ ಸೇರಿತು, ಡ್ರಾಯಿಂಗೂ ಹೋಯಿತು. ಆದರೆ ಮರುದಿನ ಮುಂಜಾನೆ ಕಂಪ್ಯೂಟರ್ ಕೋಣೆಯ ಕೀಲಿಯನ್ನು ಅವರಿಂದ ಇಸಿದುಕೊಂಡು ನನ್ನ ಕೈಗೆ ಕೊಟ್ಟರು. ಇನ್ನು ಆ ಕೋಣೆಯಲ್ಲಿ ಪೂಜೆಗೀಜೆ ಬೇಡ ಎಂದರು. ಕಾರ್ಖಾನೆ ಉಳಿಸಿದವರಿಗೆ ಇದೇ ಬಕ್ಷೀಸೇ ಎಂದು ನನಗೆ ಉರಿದುಹೋಯಿತು. ಈಗಲೂ ಉರಿಯುತ್ತದೆ. ಬಾಯಾರು ಮಾತ್ರ ದಿನಾ ಬಂದು, ತಾವೇ ಕಟ್ಟಿದ ಕೋಣೆಯ ಬಾಗಿಲಲ್ಲಿ ನಿಂತು, "ತಮ್ಮಾ, ಕೀಲಿ ತಗೀತೀಯೇನು?" ಎಂದು ಕೇಳುತ್ತಿದ್ದರು. ಮುಂದಿನ ಹಬ್ಬಕ್ಕೆ ಹೊರಗಿನ ಹೊಸ್ತಿಲಿಗಷ್ಟೇ ಕುಂಕುಮವಿಟ್ಟು ಕೈಮುಗಿದರು...

ಫೌಂಡ್ರಿ ಮುಚ್ಚಿ ಸರ್ವರ್ ಗುಜರಿಗೆ ಹೋದಾಗ ನಾನು ಕೇಳಿ ಪಡೆದದ್ದು ನಾಲ್ಕನೆಯ ಖಾನೆಯ ಆ ಡಿಸ್ಕ್ ಒಂದೇ. ಕುಂಕುಮ ಆಗಲೇ ಕಪ್ಪಿಟ್ಟಿತ್ತು. ಆದರೆ ಅದರಲ್ಲಿ ಬಾಯಾರ ಬೆರಳಿನ ಗೆರೆಗಳು ಕಾಣುತ್ತಿದ್ದವು. ಬಾಯಾರು ತೀರಿಕೊಂಡ ಸುದ್ದಿ ನನಗೆ ತಿಂಗಳುಗಳ ಮೇಲೆ, ಗೋಕುಲ ರಸ್ತೆಯಲ್ಲಿ ಯಾರೋ ಹೋಗುತ್ತ ಹೋಗುತ್ತ ಹೇಳಿದರು. ಆಗ ಅಳು ಬರಲಿಲ್ಲ.

ಹೆಂಡತಿ ಊದುಬತ್ತಿ ಹಚ್ಚುತ್ತ ನನ್ನನ್ನು ಕರೆದಳು. "ನೋಡ್ರಿ, ನಿಮ್ಮ ಡಿಸ್ಕ ಹೆಂಗ ಹೊಳಿಯಾಕತ್ತೈತಿ! ಏನ ಕರೀ ಕಲಿ ಇತ್ತರಿ ಅದರ ಮ್ಯಾಲ, ಹುಣಸಿಹಣ್ಣ ಹಚ್ಚಿ ತಿಕ್ಕಿದ ಮ್ಯಾಲ ಹೋತು."

ಡಿಸ್ಕ್ ಕನ್ನಡಿಯ ಹಾಗೆ ಬೆಳ್ಳಗಿತ್ತು. ನಡುವೆ ಅವಳಿಟ್ಟ ಹೊಸ ಕುಂಕುಮ, ಇನ್ನೂ ಹಸಿ.

"ಛಲೋ ಆಗೇತಿ" ಎಂದೆ. ದನಿ ಒಡೆಯಿತು. ಕರ್ಪೂರದ ಹೊಗೆ ಕಣ್ಣಿಗೆ ಹೋಯಿತೇನೋ ಎಂದು ಅವಳು ಸೆರಗಿನಿಂದ ಗಾಳಿ ಬೀಸತೊಡಗಿದಳು.