ತಂತಿ ಸುತ್ತುತ್ತಿದ್ದ ಆಂಟಿ

ಆಂಟಿಯ ಬಲಗೈ ತೋರುಬೆರಳ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಗೀರುಗಳಿದ್ದವು, ಒಂದರ ಮೇಲೊಂದು. ತರಕಾರಿ ಹೆಚ್ಚುವಾಗ ಆದದ್ದೆಂದು ನಾನು ಬಹಳ ದಿನ ನಂಬಿದ್ದೆ.

ಲಂಡನ್ನಿನ ಗ್ರೀನ್‌ಫರ್ಡ್‌ನಲ್ಲಿ ನಮ್ಮ ಪಕ್ಕದ ಮನೆ ಅವರದು. ಉಡುಪಿ ಕಡೆಯ ಕೊಂಕಣಿ ಮಾತಿನ ಕ್ರೈಸ್ತರು. ಸರಕು ಹಡಗಿನಲ್ಲಿ ದುಡಿಯುತ್ತಿದ್ದ ಗಂಡ ತೀರಿಹೋಗಿ ವರ್ಷಗಳೇ ಆಗಿದ್ದವು. ಬೆಂಗಳೂರಿನವಳಾದ ನನಗೆ ಅವರು ಆಂಟಿ. ಕಂಡಾಪಟ್ಟೆ ಮಾತುಗಾರ್ತಿ. ಆದರೆ ನನ್ನ ಮಗಳು ಗೋಜಲು ಮಾಡಿಟ್ಟ ಉಲ್ಲನ್ ದಾರ ಕೈಗೆ ಕೊಟ್ಟರೆ ಸಾಕು, ಬಿಡಿಸಿ ಸುತ್ತಿ ಮುಗಿಯುವವರೆಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆಮೇಲೆ, "ಬಿಗಿ ಎಳೀಬಾರ್ದು, ಸಡಿಲ ಬಿಡ್ಲೂಬಾರ್ದು" ಎಂದು ಮಗಳಿಗೆ ಪಾಠ. ಅವಳು "ಓಕೆ, ಓಕೆ" ಎಂದು ಓಡುತ್ತಿದ್ದಳು.

ಒಮ್ಮೆ ಶಾಲೆಯ ರಜೆಯಲ್ಲಿ ಇಬ್ಬರನ್ನೂ ಮ್ಯೂಸಿಯಂಗೆ ಕರೆದೊಯ್ದೆ. ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಕ್ಷಿಪಣಿ, ಪಕ್ಕದಲ್ಲೊಂದು ತಂತಿಯ ಉರುಳೆ. ಆಂಟಿ ಅಲ್ಲಿಂದ ಹೆಜ್ಜೆ ಕೀಳಲಿಲ್ಲ.

"ಇದು ನಾವು ಸುತ್ತಿದ್ದು ಮಾರಾಯ್ತಿ!"

ಮದುವೆಯಾಗಿ ಲಂಡನ್ನಿಗೆ ಬಂದ ಹೊಸತರಲ್ಲಿ ಒಂದು ಸಣ್ಣ ಕಾರ್ಖಾನೆ ಸೇರಿದ್ದರಂತೆ. ಹಡಗು ಹೊಡೆಯುವ ಕ್ಷಿಪಣಿಗಳು ಆಗಿನ್ನೂ ಪ್ರಯೋಗದಲ್ಲಿದ್ದವು. ಕ್ಷಿಪಣಿ ಹಾರಿದಂತೆ ಅದರ ಹಿಂದೆ ತಂತಿ ಬಿಚ್ಚಿಕೊಳ್ಳುತ್ತಾ ಹೋಗಬೇಕು. ಹಾರಿಸಿದವನು ಆ ತಂತಿಯ ಮೂಲಕವೇ ಅದನ್ನು ಎಡಕ್ಕೆ ಬಲಕ್ಕೆ ತಿರುಗಿಸಬೇಕು. ಮೊದಮೊದಲು ತಂತಿ ಹರಿದು ಕ್ಷಿಪಣಿ ಸಮುದ್ರದ ಪಾಲಾಗುತ್ತಿತ್ತು. ಈಚೆ ಉಳಿದ ತಂತಿಯ ತುಂಡು ಇವರ ಮೇಜಿಗೆ ಬರುತ್ತಿತ್ತು. ಸುತ್ತುವ ಹೆಂಗಸರು ಅದನ್ನು ಬೆರಳಲ್ಲಿ ಸವರಿ, ತಪ್ಪು ಎಲ್ಲಾಯಿತೆಂದು ಹೇಳುತ್ತಿದ್ದರಂತೆ. ಸುತ್ತುವಾಗ ಮಾತಾಡುವಂತಿಲ್ಲ. ಒಂದು ಮಡಿಕೆ ಬಿದ್ದರೂ ಇಡೀ ಉರುಳೆ ಬಿಚ್ಚಿ ಮೊದಲಿನಿಂದ. ಮನೆಯಲ್ಲಿ ಬಾಯಿ ಬಿಡುವುದಿಲ್ಲವೆಂದು ಸಹಿ ಬೇರೆ. ಹೆಂಡತಿ ರೇಡಿಯೊ ಕಾರ್ಖಾನೆಯಲ್ಲಿದ್ದಾಳೆಂದೇ ತಿಳಿದು ಗಂಡ ಕಣ್ಣು ಮುಚ್ಚಿದರು.

"ಅವರಿಗೆ ಒಂದ್ಸಲ ಹೇಳ್ಬೇಕಿತ್ತು," ಎಂದರು ಆಂಟಿ, ಮರಳುವಾಗ ಬಸ್ಸಿನಲ್ಲಿ.

"ಮಕ್ಕಳೆಲ್ಲ ನೋಡೋ ಹಾಗೆ ಇಟ್ಟಿದ್ದಾರೆ, ಇನ್ನೇನು ಗುಟ್ಟು? ಈ ಸಲ ಸಮಾಧಿಗೆ ಹೋದಾಗ ಹೇಳ್ಬಿಡಿ," ಎಂದು ಛೇಡಿಸಿದೆ.

ಪ್ರತಿ ನವೆಂಬರಿನಲ್ಲಿ, ಸತ್ತವರನ್ನು ನೆನೆಯುವ ದಿನ, ಅವರನ್ನು ಗಂಡನ ಸಮಾಧಿಗೆ ಕಾರಿನಲ್ಲಿ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಆ ವರ್ಷ ಮೇಣದಬತ್ತಿ ಹಚ್ಚಿ ಬಹಳ ಹೊತ್ತು ನಿಂತಿದ್ದು ಬಂದರು.

"ಹೇಳಿದ್ರಾ ಆಂಟಿ?"

"ಇಲ್ಲ ಮಾರಾಯ್ತಿ. ಸಹಿ ಹಾಕಿದ್ದೇನೆ ಅಂತ ಇಷ್ಟು ವರ್ಷ ನೆಪ ಹೇಳಿದೆ ಅಷ್ಟೆ. ಅವರು ಹಡಗಿನವರು. ಹಡಗು ಮುಳುಗಿಸ್ಲಿಕ್ಕೆ ನಾನು ತಂತಿ ಸುತ್ತಿದ್ದೆ ಅಂತ ಹೇಗೆ ಹೇಳುದು?" ಸೀಟ್ ಬೆಲ್ಟ್ ಎಳೆದುಕೊಂಡು ಮೆಲ್ಲಗೆ ಸೇರಿಸಿದರು: "ಚಂದ ಸುತ್ತುತ್ತಿದ್ದೆ ಬೇರೆ."

ಮುಂದಿನ ಬೇಸಿಗೆಗೆ ಮೊದಲೇ ಆಂಟಿ ತೀರಿಹೋದರು. ಗಂಡನ ಕುಣಿಯಲ್ಲೇ ಅವರನ್ನೂ ಮಣ್ಣು ಮಾಡಿದರು.

ಈ ನವೆಂಬರಿನಲ್ಲಿ ನಾನೊಬ್ಬಳೇ ಹೋದೆ. ಅವರ ಪರವಾಗಿ ನಾನೇ ಹೇಳಿಬಿಡೋಣ ಎಂದುಕೊಂಡೇ ಹೋಗಿದ್ದು. ಹೇಳದೆ, ಮೇಣದಬತ್ತಿ ಹಚ್ಚಿಟ್ಟು ಬಂದೆ. ಇನ್ನು ಅದು ಗಂಡ ಹೆಂಡಿರ ನಡುವಿನ ಮಾತು. ಆಂಟಿ ಹೇಳಿದರೋ, ಗಂಡ ಬೈದರೋ, ನಕ್ಕರೋ ತಿಳಿಯದು. ಒಮ್ಮೆ ನಮ್ಮನೆ ಬೆಲ್ ಒತ್ತಿ, "ಹೇಳಿದೆ ಮಾರಾಯ್ತಿ" ಎನ್ನಬಾರದೇ ಆಂಟಿ.